ಹದ್ದುಬಂಡೆಯ ಕಿಲ್ಲೇದಾರ

"ಕೇಳಿ ಮಹಾಜನಗಳೇ. ಬರುವ ಹುಣ್ಣಿಮೆಯ ಹಗಲು ನಮ್ಮ ದೊರೆ ರಾಚನಾಯಕರು ಹಿರಿಯರ ಪಾಳುಕೋಟೆ ಹದ್ದುಬಂಡೆಯನ್ನು ಹತ್ತಿ, ಅಲ್ಲಿಯೇ ಉಂಡು, ಹೊತ್ತು ಮುಳುಗುವುದರೊಳಗೆ ಇಳಿಯುವರು. ಅಲ್ಲಿ ಮೂರು ಒಗಟು ಕೇಳುವರು. ಮೂರನ್ನೂ ಬಿಡಿಸಿದವನು ಆ ಕೋಟೆಗೆ ಕಿಲ್ಲೇದಾರ. ಒಂದನ್ನು ತಪ್ಪಿದರೂ ಅವನನ್ನು ಬಂಡೆಯಿಂದ ಕೆಳಕ್ಕೆ ತಳ್ಳಲಾಗುವುದು."

ಡಂಗುರದವನು ಕೊನೆಯ ಮಾತನ್ನೂ ಮದುವೆ ಊಟಕ್ಕೆ ಕರೆಯುವ ಧಾಟಿಯಲ್ಲೇ ಹೇಳಿ ಮುಂದಿನ ಊರಿಗೆ ಹೋದ.

ಬೆಟ್ಟದ ಬುಡದ ಕಲ್ಲುಕೇರಿಯಲ್ಲಿ ಓಬಳ ಕೈಯಲ್ಲಿದ್ದ ಉಳಿಯನ್ನು ಕೆಳಗಿಟ್ಟ. ಆ ಕೋಟೆಯನ್ನು ಕಟ್ಟಿದ್ದು ಅವನ ಹಿರಿಯರು. ಮೂರು ತಲೆಮಾರಿನ ಹಿಂದೆ ಅದು ಶತ್ರುವಿನ ಪಾಲಾದಾಗ, ದಾರಿ ತೋರಿದ ದ್ರೋಹಿ ಕಲ್ಲುಕೇರಿಯವನೇ ಎಂದು ಅರಮನೆ ಸಾರಿತು. ಮುಂದೆ ಕೋಟೆ ಮರಳಿ ಸಿಕ್ಕಿತು, ಕೇರಿಯ ಒಳ್ಳೆಯ ಹೆಸರು ಸಿಗಲಿಲ್ಲ. ಕೋಟೆಯೊಳಗೆ ಬೇಸಿಗೆಯಲ್ಲೂ ಬತ್ತದ ಹೊಂಡವಿದೆ. ಅದರ ಹನಿ ನೀರೂ ಕೇರಿಯವರಿಗಿಲ್ಲ. ಹೆಂಗಸರು ಎರಡು ಹರದಾರಿ ನಡೆದು ಹಳ್ಳದ ಮರಳು ತೋಡಬೇಕು.

"ಕಿಲ್ಲೇದಾರ ಆದ್ರೆ ಹೊಂಡ ನಂದೇ ಅಲ್ವೇನವ್ವಾ" ಅಂದ ಓಬಳ.

ತಾಯಿ ಸಣ್ಣೀರಮ್ಮ ಮುದ್ದೆ ತಿರುವುತ್ತಿದ್ದಳು. "ದೊರೆ ಕೊಟ್ಟ ಗಡಿಗೇನ ತಿರುಗಿಸಿ ನೋಡ್ಬೇಕು ಕಣ್ಲಾ. ಬುಡದಾಗೆ ತೂತಿರ್ತದೆ."

"ತೂತಿದ್ರೆ ಅರಗು ಹಚ್ಚಾನ."

"ನಿಮ್ಮಪ್ಪನೂ ಹಿಂಗೇ ಅಂತಿದ್ದ" ಅಂದು ಅವಳು ಮುದ್ದೆಯನ್ನು ತಟ್ಟೆಗೆ ಹಾಕಿದಳು. ಬೇಡ ಅನ್ನಲಿಲ್ಲ. ಅವಳ ತಲೆಯೂ ಕೊಡ ಹೊತ್ತು ಬೋಳಾಗಿತ್ತು.

ಹುಣ್ಣಿಮೆಯ ಹಗಲು ಅರಮನೆ ಬೆಟ್ಟ ಹತ್ತಿತು. ನಾಲ್ಕು ಬುಟ್ಟಿ ಚಿತ್ರಾನ್ನ, ಎರಡು ಗಡಿಗೆ ಮೊಸರನ್ನ, ಕೊಂಬೂದುವವನೊಬ್ಬ, ಬಂಡೆಯಿಂದ ತಳ್ಳಲು ಜಟ್ಟಿಗಳಿಬ್ಬರು. ಅರಮನೆಯವರಿಗೆ ಪಾಳುಗೋಡೆ ಅಂದರೆ ಬಲು ಪ್ರೀತಿ. ಸಂಜೆಗೆ ಇಳಿದುಹೋಗುವವರಿಗೆ ಯಾವ ಪಾಳೂ ಚೆಂದವೇ. ಒಗಟಿಗೆ ನಿಂತವರು ಮೂವರು: ದಳವಾಯಿಯ ಮಗ ಮಲ್ಲರಸ, ಆಸ್ಥಾನದ ನಂಜುಂಡ ಜೋಯಿಸ, ಮತ್ತು ಓಬಳ. ಓಬಳನಿಗೆ ಅದೊಂದು ದಿನ ಹೆಬ್ಬಾಗಿಲು ದಾಟಲು ಅಪ್ಪಣೆಯಾಗಿತ್ತು. ಉತ್ತರಗಳಿದ್ದ ಹಳೆಯ ಓಲೆ ಪ್ರಧಾನಿಯ ಕೈಯಲ್ಲಿತ್ತು.

ಹೆಬ್ಬಾಗಿಲ ಬಳಿ ದೊರೆ ಗೋಡೆ ಮುಟ್ಟಿ ಕೇಳಿದ: "ಈ ಕಲ್ಲನ್ನು ಬೆಂಕಿ ಸೀಳಲಿಲ್ಲ, ಕಬ್ಬಿಣ ಸೀಳಲಿಲ್ಲ. ಒಬ್ಬ ಕುಡಿದ, ಕುಡಿದು ಉಬ್ಬಿದ, ಬಂಡೆ ಎರಡು ಹೋಳಾಯಿತು. ಯಾರವನು?"

"ಪಟ್ಟದ ಆನೆ" ಅಂದ ಮಲ್ಲರಸ ಮೀಸೆ ತಿರುವಿ. "ಯುದ್ಧಕ್ಕೆ ಮೊದಲು ಅದಕ್ಕೆ ಹೆಂಡ ಕುಡಿಸ್ತಾರೆ."

ಪ್ರಧಾನಿ ಅಲ್ಲವೆಂದು ತಲೆಯಾಡಿಸಿದ. ಜಟ್ಟಿಗಳು ಬಂದರು. ಮೀಸೆಯ ಮೇಲಿನ ಕೈ ತೆಗೆಯಲೂ ಮಲ್ಲರಸನಿಗೆ ಪುರುಸೊತ್ತಾಗಲಿಲ್ಲ.

"ಒಣಗಿದ ಮರದ ಗೂಟ, ಬುದ್ಧಿ" ಅಂದ ಓಬಳ. "ಸಾಲಾಗಿ ಕುಳಿ ಹೊಡೆದು ಗೂಟ ಜಡಿದು ನೀರು ಹೊಯ್ದರೆ, ಅದು ಕುಡಿದು ಉಬ್ಬಿ ಕಲ್ಲು ಸೀಳ್ತದೆ."

ಎರಡನೆಯದು ಒಳಗೋಡೆಯ ನೆರಳಲ್ಲಿ, ಚಿತ್ರಾನ್ನದ ನಡುವೆ. "ಗೋಡೆ ಏಳುವಾಗ ತಬ್ಬಿಕೊಂಡು ನಿಂತ, ಎಲ್ಲರನ್ನೂ ಹೆಗಲ ಮೇಲೆ ಹೊತ್ತ. ಗೋಡೆ ಮುಗಿದ ದಿನ ಅವನನ್ನೇ ಮೊದಲು ಹೊರಗೆ ಹಾಕಿದರು. ಯಾರು?"

ಜೋಯಿಸ ಬೆರಳು ಮಡಿಸಿ ಮಡಿಸಿ ಎಣಿಸಿದ. "ಮುಹೂರ್ತ ಇಟ್ಟ ಪುರೋಹಿತ" ಅಂದ ಕಡೆಗೆ. ಏನೋ ಹಳೆಯ ನೋವಿರಬೇಕು. ಅದು ಅವನ ಜೊತೆಗೇ ಕೆಳಕ್ಕೆ ಹೋಯಿತು. ಅವನ ಎಲೆಯಲ್ಲಿ ಇನ್ನೂ ಅರ್ಧ ಅನ್ನ ಉಳಿದಿತ್ತು.

"ಸಾರುವೆ, ಬುದ್ಧಿ. ಬಿದಿರ ಗಳ ಕಟ್ಟಿ, ಮೇಲೆ ನಿಂತು ಗೋಡೆ ಕಟ್ತೀವಲ್ಲ, ಅದು."

ಮೂರನೆಯದಕ್ಕೆ ಕೋಟೆಯ ಹಿಂಭಾಗಕ್ಕೆ ಹೋದರು. ಅಲ್ಲಿ ಗೋಡೆಯಿರಲಿಲ್ಲ, ನೆಟ್ಟನೆಯ ಬಂಡೆಯೇ ಗೋಡೆ. ದೊರೆ ಕೈ ತೊಳೆದು ಒರೆಸಿಕೊಂಡ. "ಮೂರು ತಿಂಗಳ ಮುತ್ತಿಗೆಗೆ ಬಗ್ಗದ ಈ ಕೋಟೆಯ ದಾರಿಯನ್ನು ಬಾಯಿಲ್ಲದ ದ್ರೋಹಿ ಒಂದೇ ಸಂಜೆಯಲ್ಲಿ ತೋರಿಸಿಕೊಟ್ಟ. ಯಾರವನು?"

ಓಬಳ ಬಂಡೆಯಂಚಿಗೆ ಬಂದು ಬಗ್ಗಿ ನೋಡಿದ. ಉತ್ತರ ಅವನ ಕಾಲ ಕೆಳಗೇ ಇತ್ತು. ಹೇಳಿದರೆ ದೊರೆಯ ಹಿರಿಯರ ಮೇಲೆ ಬೆರಳು ತೋರಿಸಿದಂತೆ, ಹೇಳದಿದ್ದರೆ ಜಟ್ಟಿಗಳು.

"ಆ ಗುಳಿಗಳು, ಬುದ್ಧಿ" ಅಂದ, ಬಂಡೆಯಲ್ಲಿ ಕೆಳಗಿನವರೆಗೂ ಇಳಿದಿದ್ದ ಕಾಲುಗುಳಿಗಳನ್ನು ತೋರಿಸಿ. "ನಮ್ಮೋರು ಹೆಬ್ಬಾಗಿಲು ದಾಟಿದ್ರೆ ಮೈಲಿಗೆ ಅಂತ ನಿಮ್ಮ ಹಿರೀಕರು ಇವನ್ನ ಕಡಿಸಿದ್ರು. ನಮ್ಮ ಹೆಂಗಸರು ಸೌದೆ ಹೊತ್ತು ಇಲ್ಲೇ ಹತ್ತಬೇಕಿತ್ತು. ತುಳಿದು ತುಳಿದು ಗುಳಿ ಕನ್ನಡಿಯಾಯ್ತು. ಸಂಜೆ ಬಿಸಿಲಿಗೆ ಹೊಳೀತು. ಶತ್ರು ಕೆಳಗೆ ನಿಂತು ನೋಡಿದ, ನೋಡಿ ಹತ್ತಿದ. ಯಾರೂ ಏನೂ ಹೇಳಲಿಲ್ಲ ಬುದ್ಧಿ, ಹೇಳೋ ಅಗತ್ಯವೇ ಇರಲಿಲ್ಲ."

ಪ್ರಧಾನಿ ಓಲೆ ಬಿಚ್ಚಿ ಓದಿದ: "ಒಣಗೂಟ. ಸಾರುವೆ. ಕಾಲುಗುಳಿ." ಬರೆದದ್ದು ದೊರೆಯ ಮುತ್ತಜ್ಜ.

"ಹಂಗಾದ್ರೆ ಅರಮನೆಗೆ ಗೊತ್ತಿತ್ತಾ ಬುದ್ಧಿ?" ಅಂದ ಓಬಳ.

"ನಮ್ಮ ಮನೆಯಲ್ಲಿ ಮಕ್ಕಳಿಗೂ ಗೊತ್ತು" ಅಂದ ದೊರೆ, ಬೇಸರವಿಲ್ಲದೆ. "ಗೊತ್ತಿರೋದು ಬೇರೆ, ಸಾರೋದು ಬೇರೆ."

ತಾನೇ ಮುಂದೆ ಬಂದು ಓಬಳನಿಗೆ ಜರಿಯ ರುಮಾಲು ಸುತ್ತಿದ, ಬೀಗದಕೈ ಗೊಂಚಲು ಕೊಟ್ಟ. ಕೊಂಬು ಮೊಳಗಿತು.

"ಹಾಗಾದ್ರೆ ನಾಳೆಯಿಂದ ನಮ್ಮ ಕೇರಿಯೋರು ಹೊಂಡದ ನೀರು..."

"ಕೋಟೆ ನಿನ್ನದು, ಓಬಳನಾಯಕ. ಪದ್ಧತಿ ನಮ್ಮದು" ಅಂದ ದೊರೆ. "ಒಗಟು ಬಿಡಿಸಿದ್ದು ನೀನು, ಅವರಲ್ಲ. ಹತ್ತು ಜನ ಕಾವಲಿನವರನ್ನು ಬಿಟ್ಟು ಹೋಗ್ತೀನಿ. ಕೇರಿಯ ಯಾರೇ ಬಾಗಿಲು ದಾಟಿದರೂ ಬಂಡೆಯಿಂದ ತಳ್ಳುತ್ತಾರೆ. ನೀನು ರುಮಾಲು ತೆಗೆದಿಟ್ಟು ಕೆಳಗಿಳಿದರೆ, ಮೊದಲು ನಿನ್ನನ್ನು."

ಹೊತ್ತು ಮುಳುಗುವುದರೊಳಗೆ ಅರಮನೆ ಬೆಟ್ಟ ಇಳಿಯಿತು.

ಮರುದಿನ ಬೆಳಿಗ್ಗೆ ಕಲ್ಲುಕೇರಿಯ ಹೆಂಗಸರೆಲ್ಲ ಕೊಡ ಹೊತ್ತು ಹತ್ತಿ ಬಂದರು. ಯಾರೋ ಸೋಬಾನೆ ಎತ್ತಿದ್ದರು. ಮುಂದೆ ಸಣ್ಣೀರಮ್ಮ. ಹೆಬ್ಬಾಗಿಲ ಹೊಸ್ತಿಲಿಗೆ ಅಡ್ಡವಾಗಿ ಓಬಳ ಎರಡೂ ಕೈ ಚಾಚಿ ನಿಂತಿದ್ದ. ಅವನ ಹಿಂದೆ ಹತ್ತು ಭರ್ಜಿ. ಸೋಬಾನೆ ನಿಂತಿತು.

ಸಣ್ಣೀರಮ್ಮ ಭರ್ಜಿಗಳನ್ನು ನೋಡಿದಳು, ರುಮಾಲನ್ನು ನೋಡಿದಳು. ಖಾಲಿ ಕೊಡವನ್ನು ಸೊಂಟಕ್ಕೆ ಇಳಿಸಿ, ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು.

"ಬಿಸಿಲು ಏರ್ತದೆ ಬುದ್ಧಿ" ಅಂದಳು ಮಗನಿಗೆ. "ನೀವು ಒಳಗೆ ಹೋಗಿ. ನಾವು ಹಳ್ಳಕ್ಕೆ ಹೋಗ್ತೀವಿ."