ಹಿಲ್ಲಜ್ಜಿಯ ಹಲ್ಲು

ಹಾಲೆಂಡಿನ ಒಂದು ಊರಿನ ಚೀಸ್ ಸಂತೆಗೆ ಹಿಲ್ಲ ಎಂಬ ಇಲಿಯಜ್ಜಿ ಎಷ್ಟೋ ವರ್ಷಗಳ ಮೇಲೆ ಮೊಮ್ಮಕ್ಕಳನ್ನು ಕಟ್ಟಿಕೊಂಡು ಬಂದಳು. ಅವಳು ಹುಟ್ಟಿ ಬೆಳೆದದ್ದು ಅಲ್ಲೇ, ತಕ್ಕಡಿ ಕಟ್ಟೆಯ ಕೆಳಗೆ.

“ನೋಡ್ರೋ, ಇಲ್ಲಿ ವ್ಯಾಪಾರಿಗಳು ಒಬ್ಬರ ಅಂಗೈಗೆ ಒಬ್ಬರು ಹೊಡೆದು ಚೌಕಾಸಿ ಮಾಡ್ತಾರೆ. ಆಗ ಎಲ್ಲರ ಕಣ್ಣೂ ಕೈ ಮೇಲೆ. ನಾವು ನುಗ್ಗೋದು ಆವಾಗಲೇ. ಮೊದಲು ನಾನು ಹೋಗ್ತೀನಿ.”

ಕೈಗಳು ಪಟಪಟನೆ ಬಡಿದವು. ಅಜ್ಜಿ ಹಳೇ ಹುರುಪಿನಲ್ಲಿ ಓಡಿ, ಗುಂಡನೆಯ ಹಳದಿ ಚೀಸಿಗೆ ಬಾಯಿ ಹಾಕಿದಳು. ಮುಂದಿನ ಹಲ್ಲು ಲಟಕ್ಕನೆ ಮುರಿಯಿತು.

“ನಾನು ಬರೀ ಮರ, ತಾಯಿ. ಮೇಲೆ ಬಣ್ಣ ಬಳಿದಿದ್ದಾರೆ,” ಎಂದಿತು ಚೀಸು. “ಈಗ ವ್ಯಾಪಾರವೆಲ್ಲ ಫೋನಿನಲ್ಲೇ ಮುಗಿಯುತ್ತೆ. ನಾನೂ ಆ ಚಪ್ಪಾಳೆಯೂ ನೋಡೋಕೆ ಬಂದವರಿಗಾಗಿ.”

ಅಜ್ಜಿ ಮೊಮ್ಮಕ್ಕಳ ಕಡೆ ತಿರುಗಿ ನೋಡಿದಳು. “ಮಕ್ಕಳ ಮುಂದೆ ಮಾತ್ರ ಬಾಯಿ ಬಿಡಬೇಡಪ್ಪ.”

“ನಾನು ಬಿಡೋದಿಲ್ಲ. ನೀವು ಬಿಟ್ಟರೆ ಗೊತ್ತಾಗುತ್ತಲ್ಲ?”

ಅಜ್ಜಿ ತುಟಿ ಬಿಗಿಹಿಡಿದು ವಾಪಸು ಬಂದಳು. ಮೊಮ್ಮಕ್ಕಳು ಮುತ್ತಿಕೊಂಡವು. “ಹೇಗಿತ್ತಜ್ಜಿ?”

“ನಮ್ಮ ಕಾಲದಲ್ಲಿ ಇದ್ದ ಹಾಗೇ ಇದೆ,” ಎಂದು ಮೈಮರೆತು ನಕ್ಕಳು.

“ಅಯ್ಯೋ, ನಿನ್ನ ಹಲ್ಲೆಲ್ಲಿ?” ಎಂದಿತು ಕಿರಿಯ ಮರಿ.

“ಅಲ್ಲೇ ಬಿಟ್ಟು ಬಂದೆ ಕಣೋ,” ಎಂದಳು ಅಜ್ಜಿ. “ಸಂತೆಯಲ್ಲಿ ಅಸಲಿ ಮಾಲು ಒಂದಾದರೂ ಇರಲಿ.”