ಮೆಲುಕು ಮರೆತ ಚಿಗರಿ

ಒಂದು ಕುರುಚಲು ಕಾಡಿನಲ್ಲಿ ಕೆಂಚ ಎಂಬ ಎಳೆಯ ಚಿಗರಿ ಜಿಂಕೆ ಇದ್ದ. ಒಂದು ದಿನದ ಓಟದಲ್ಲಿ ಅವನು ಎಲ್ಲರನ್ನೂ ಹಿಂದೆ ಹಾಕಿದ್ದೇ ತಡ, ಸುದ್ದಿ ಸಾರುವ ನರಿ ಜಂಬಣ್ಣ ಬಂಡೆ ಹತ್ತಿದ.

"ಕೇಳ್ರಪ್ಪೋ ಕೇಳ್ರಿ! ಏಳು ಗುಡ್ಡದ ಓಟವನ್ನೂ ಈ ಸಲ ಕೆಂಚನೇ ಗೆಲ್ಲೋದು!"

ಸುದ್ದಿ ಕೇಳಲು ಬಂದವರು ಜಂಬಣ್ಣನಿಗೆ ಏಡಿಯನ್ನೋ ಬೋರೆಹಣ್ಣನ್ನೋ ತರುವುದು ಆ ಕಾಡಿನ ಪದ್ಧತಿ. ಸುದ್ದಿ ದೊಡ್ಡದಾದಷ್ಟೂ ಬುತ್ತಿ ದೊಡ್ಡದು. ನರಿ ಬೇಟೆಯಾಡುವುದನ್ನೇ ಬಿಟ್ಟಿದ್ದ.

ಏಳು ಗುಡ್ಡದ ಓಟವೆಂದರೆ ಹುಡುಗಾಟವೇ? ದಿನಕ್ಕೊಂದು ಗುಡ್ಡದಂತೆ ಏಳು ದಿನ ಓಡಬೇಕು. ಮುಂದಿದ್ದವನಿಗೆ ಸಂಜೆ ಕಕ್ಕೆ ಹೂವಿನ ಹಳದಿ ಹಾರ. ನಡುವೆ ಬಿಟ್ಟವನಿಗೆ ಮತ್ತೆಂದೂ ಆ ಓಟವಿಲ್ಲ. ಕೆಂಚನಿಗೆ ಏಳೂ ಗುಡ್ಡ ದಾಟಿದರೆ ಸಾಕಿತ್ತು. ಆದರೆ ನರಿಯ ಕೂಗು ಕೇಳಿದ ಮೇಲೆ ಗೆಲ್ಲಲೇಬೇಕು ಎನಿಸತೊಡಗಿತು. ಗೆಲ್ಲದಿದ್ದರೆ ಕಾಡೆಲ್ಲ ನಗುತ್ತದಲ್ಲ!

ಮೊದಲ ದಿನ ಜೀವ ಬಿಟ್ಟು ಓಡಿದ. ಹಾರ ಕೊರಳಿಗೆ ಬಿತ್ತು. ಸಂಜೆ ಮೆಲುಕು ಹಾಕಲು ಕೂತನೋ ಇಲ್ಲವೋ, ಜಂಬಣ್ಣ ಹಾಜರು.

"ನಾಳೆ ಎಷ್ಟು ದೂರ ಮುಂದಿರ್ತೀಯಪ್ಪಾ? ಐದನೇ ಗುಡ್ಡ ಬಲು ಕಡಿದು, ಏನು ಮಾಡ್ತೀಯ?"

ಕೆಂಚ ಉತ್ತರಿಸಿದ. ಎದ್ದ, ಕೂತ, ಮತ್ತೆ ಎದ್ದ. ಮರುದಿನವೂ ಇದೇ ಕಥೆ. ಮೂರನೇ ದಿನ ಕಾಲು ಗಡಗಡ ನಡುಗಿ ಒಂಬತ್ತನೆಯವನಾದ. ಹಾರ ಹೋಯಿತು.

"ನಾನು ಮೊದಲೇ ಹೇಳಿರಲಿಲ್ವೇ? ಕೆಂಚ ಒಂದೇ ದಿನದ ಶೂರ!" ಎಂದು ನರಿ ಸಾರಿದ. ಅವತ್ತೂ ಬುತ್ತಿ ಭರ್ತಿ!

ಪ್ರತಿವರ್ಷ ಕೊನೆಯವಳಾಗಿ ಬಂದರೂ ಒಂದು ಗುಡ್ಡವನ್ನೂ ಬಿಡದ ಕಾಡೆಮ್ಮೆ ದೇವಜ್ಜಿಯ ಬಳಿ ಕೆಂಚ ಕಣ್ಣೀರಿಟ್ಟ. "ಅಜ್ಜೀ, ನಾಳೆ ನನ್ನ ಕೈಲಾಗೋದಿಲ್ಲ."

"ಮಗಾ, ಮೆಲುಕು ಹಾಕಿ ಎಷ್ಟು ದಿನ ಆಯ್ತು?"

ಕೆಂಚ ಕಕ್ಕಾಬಿಕ್ಕಿಯಾದ. "ಮೂರು ದಿನ."

"ಅಯ್ಯೋ ದಡ್ಡ! ಮೇದದ್ದು ಮೈಗೆ ಹತ್ತೋದು ಹೇಗೋ? ಒಂದೇ ಬಾಯಲ್ಲಿ ಮಾತೂ ಮೆಲುಕೂ ಎರಡೂ ಆಗೋದಿಲ್ಲ."

ಅಂದು ಸಂಜೆ ನರಿ ಎಷ್ಟು ಕೆಣಕಿದರೂ ಕೆಂಚ ಮೆಲುಕು ಹಾಕುತ್ತಲೇ ಇದ್ದ. ಸುದ್ದಿಯಿಲ್ಲದೆ ಬುತ್ತಿ ಎಲ್ಲಿಂದ ಬರಬೇಕು? ಜಂಬಣ್ಣ ಬಂಡೆ ಹತ್ತಿ ಬೊಬ್ಬೆ ಹೊಡೆದ. "ಕೆಂಚನ ಕಾಲು ಮುರಿದಿದೆ! ಓಟ ಬಿಟ್ಟ!"

ಬೆಳಗ್ಗೆ ಪ್ರಾಣಿಗಳೆಲ್ಲ ಮರುಗುತ್ತಾ ಬಂದವು. ನೋಡಿದರೆ ಕೆಂಚ ಅವರ ಮುಂದೆಯೇ ಟಣ್ಣನೆ ಜಿಗಿದು ಗುಡ್ಡ ಏರುತ್ತಿದ್ದಾನೆ! ನರಿಯ ಸುಳ್ಳಿಗೆ ಎಲ್ಲರಿಗೂ ಮೈ ಉರಿಯಿತು. ಅವನಿಗೆಂದು ತಂದ ಬುತ್ತಿಯನ್ನು ತಾವೇ ತಿಂದು ಹೊರಟರು.

ಏಳನೇ ದಿನ ಕೆಂಚ ಐದನೆಯವನಾಗಿ ಓಟ ಮುಗಿಸಿದ. ಹಾರ ಬರಲಿಲ್ಲ. ಅವನಿಗೆ ಅಳುವೂ ಬರಲಿಲ್ಲ. ಕಾಲು ಚಾಚಿ ಕೂತು ಹಾಯಾಗಿ ಮೆಲುಕು ಹಾಕಿದ.

ಇತ್ತ ಹಸಿದ ಜಂಬಣ್ಣ ಒಂದು ಮೊಲದ ಬೆನ್ನು ಹತ್ತಿದ. ನಾಲ್ಕು ಹೆಜ್ಜೆಗೇ ಏದುಸಿರು ಬಂತು, ಕುಸಿದು ಕೂತ. ಮೊಲ ತಿರುಗಿ ನೋಡಿ ಕೇಳಿತು:

"ಜಂಬಣ್ಣಾ, ನಾಳೆ ಎಷ್ಟು ದೂರ ಓಡ್ತೀಯಪ್ಪಾ?"

ನೀತಿ: ಪರರ ಬಾಯಿಯ ಅಳತೆಗೆ ಓಡಿದವನು ದಣಿಯುತ್ತಾನೆ, ತನ್ನ ಕಾಲಿನ ಅಳತೆಗೆ ಓಡಿದವನು ಗುರಿ ಮುಟ್ಟುತ್ತಾನೆ.