ಐದೂವರೆಯ ಗುಲಾಬಿ

ಹೊಳೆದಂಡೆಯ ಆ ಮಠದಲ್ಲಿ ಒಂದು ಪದ್ಧತಿಯಿತ್ತು. ಬಂದವರು ಚಪ್ಪಲಿಯನ್ನು ಬಾಗಿಲ ಹೊರಗೆ ಬಿಡಬೇಕು, ಫೋನನ್ನು ಬಾಗಿಲ ಒಳಗಿನ ಬಿದಿರುಬುಟ್ಟಿಗೆ ಹಾಕಬೇಕು.

ಡ್ರಾಯಿಂಗ್ ಮಾಸ್ತರ ಅಂದಾನೆಪ್ಪ ಆ ಮಠದ ಹಳೆಯ ಶಿಷ್ಯ. ಒಂದು ಮುಂಜಾನೆ ಬಂದವನೇ ಬುಟ್ಟಿಗೆ ಫೋನು ಹಾಕಿ ಮಠದ ಸ್ವಾಮಿಗಳಾದ ಅಜ್ಜಾರ ಕಾಲಿಗೆ ಬಿದ್ದ.

"ಅಜ್ಜಾರ, ಇನ್ನ ಇಲ್ಲೇ ಇದ್ದುಬಿಡ್ತೀನ್ರಿ. ಹೊರಗಿನ ಕಿರಿಕಿರಿ ಸಾಕಾಗೈತಿ."

"ಏನಪಾ ಅಂಥಾ ಕಿರಿಕಿರಿ?"

ಅಂದಾನೆಪ್ಪ ಶುರುಮಾಡಿದ. 'ಇಲ್ಲಿ ಹರಿಯಿರಿ' ಎಂದು ಬರೆದ ಕಡೆ ಮಾತ್ರ ಹರಿಯದ ಶಾಂಪೂ ಪಾಕೀಟು. ಹಿಂದಕ್ಕೆ ಸರಿಯುವಾಗ ಓಣಿಗೆಲ್ಲ ಹಾಡು ಕೇಳಿಸುವ ಪಕ್ಕದ ಮನೆಯ ಕಾರು. ಒಂದನ್ನು ಒತ್ತಿ, ಎರಡನ್ನು ಒತ್ತಿ ಎಂದು ಅರ್ಧ ತಾಸು ಆಡಿಸಿ ಕೊನೆಗೆ ತಾನೇ ಕಡಿದುಹೋಗುವ ಕರೆ. ಹೇಳುತ್ತ ಹೇಳುತ್ತ ಅವನಿಗೆ ಹುರುಪೇ ಬಂತು. ಇಂಥದ್ದನ್ನು ಹೇಳುವಾಗ ಯಾರಿಗೆ ಬರುವುದಿಲ್ಲ!

ಅಜ್ಜಾರು ದೀಪದ ಬತ್ತಿ ಹೊಸೆಯುತ್ತ ಎಲ್ಲ ಕೇಳಿದರು.

"ಇಷ್ಟಕ್ಕ ಯಾರೂ ಮನಿ ಬಿಡೂದಿಲ್ಲ. ಖರೇ ಹೇಳು."

ಅಂದಾನೆಪ್ಪ ಬಾಗಿಲ ಬುಟ್ಟಿಯ ಕಡೆ ನೋಡಿದ.

"ನಮ್ಮಕ್ಕ ದಿನಾ ಮುಂಜಾನೆ ಐದೂವರಿಗೆ ಫೋನಿಗೆ ಒಂದು ಗುಲಾಬಿ ಚಿತ್ರ ಕಳಿಸ್ತಿದ್ಲ್ರಿ. ಶುಭೋದಯ ಅಂತ. ಟಿಂಗ್ ಅಂದ ಕೂಡ್ಲೆ ನನ್ನ ನಿದ್ದಿ ಹಾಳು. ಒಮ್ಮೆ ಬೈದೆ. ಆದ್ರೂ ಬಿಡಲಿಲ್ಲ. ಆಕೀದಷ್ಟೇ ಸದ್ದು ಬಂದ್ ಮಾಡಿಟ್ಟೆ."

"ನಿದ್ದಿ ಬಂತೇನು?"

"ಬಂತ್ರಿ. ನಾಕು ದಿನ ಕಣ್ತುಂಬ."

ಅಜ್ಜಾರು ಇನ್ನೊಂದು ಬತ್ತಿ ಹೊಸೆಯತೊಡಗಿದರು.

"ನಾಕನೇ ದಿನ ಮಧ್ಯಾಹ್ನ ಆಕಿ ಮಗ ಫೋನ್ ಮಾಡಿದ, ಅವ್ವ ಹೋದ್ಲು ಅಂತ. ಮಣ್ಣು ಕೊಟ್ಟು ಬಂದ ಮ್ಯಾಲೆ ತೆಗೆದು ನೋಡಿದೆ. ಮೂರು ಗುಲಾಬಿ ಇದ್ದೂವು. ನಾಕನೇದು ಗುಲಾಬಿ ಅಲ್ರಿ. 'ತಮ್ಮಾ, ಎದಿ ಹಿಡದಂಗ ಆಗೈತಿ. ಮಗ ಊರಾಗಿಲ್ಲ. ನೀ ಎದ್ದ ಮ್ಯಾಲೆ ಒಂದು ಫೋನ್ ಮಾಡು' ಅಂತ ಬರದಿದ್ಲು."

ಅಂದಾನೆಪ್ಪ ಬಿಕ್ಕಿ ಬಿಕ್ಕಿ ಅತ್ತ. ಅಜ್ಜಾರು ಬೆನ್ನು ಸವರಲಿಲ್ಲ, ಸಮಾಧಾನ ಹೇಳಲಿಲ್ಲ. ಅವರ ಕೈಯ ಬತ್ತಿ ಅರ್ಧಕ್ಕೇ ನಿಂತಿತ್ತು. ಎದ್ದು ಹೋಗಿ ಬಾಗಿಲ ಬುಟ್ಟಿಯನ್ನು ತಂದು ಅವನ ಮುಂದಿಟ್ಟರು.

"ಇದರ ಮುಂದ ಕುಂದರು. ಯಾವ ಫೋನ್ ಸದ್ದು ಮಾಡಿದ್ರೂ ಒಯ್ದು ಅವರ ಕೈಯಾಗ ಕೊಡು."

"ಹಿಂಗ ಮಾಡಿದ್ರ ನನ್ನ ಸಂಕಟ ಹೋಗತೈತೇನ್ರಿ?"

"ಇಲ್ಲ."

ಬುಟ್ಟಿಯೊಳಗೆ ಯಾರದೋ ಫೋನು ಟಿಂಗ್ ಎಂದಿತು. ಅಂದಾನೆಪ್ಪ ತಟ್ಟನೆ ಅದನ್ನು ಎತ್ತಿ ನೋಡಿದ.

"ಏನಿಲ್ರಿ ಅಜ್ಜಾರ. ಬರೇ ಒಂದು ಗುಲಾಬಿ."

"ಅಂದ್ರ ಕಳಿಸಿದವರು ಇವತ್ತೂ ಎದ್ದಾರ."